ಇ.ಸಿ.ಜಿ. ಸರಿ ಇದೆ, ಆದರೂ ಏದುಸಿರು ಯಾಕೆ? ಹೃದಯದ ವಾಲ್ವ್ ಬಗ್ಗೆ ಓದುಗರ ಪ್ರಶ್ನೆಗಳು

ಹೃದಯದ ಕವಾಟಗಳ ಕುರಿತು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಪತ್ರ ಓದಿ ಕಾಯಿಲೆ ಇಂಥದ್ದೇ ಎಂದು ಹೇಳಲಾಗದು. ಯಾವ ಪರೀಕ್ಷೆ ಕೇಳಬೇಕು, ಯಾಕೆ ಕೇಳಬೇಕು, ಯಾವುದನ್ನು ಮುಂದೂಡಬಾರದು ಎಂಬುದನ್ನು ಹೇಳಬಹುದು.

ಪ್ರಶ್ನೆ: ನನಗೆ 34 ವರ್ಷ. ರೇಷ್ಮೆ ರೀಲಿಂಗ್ ಘಟಕದಲ್ಲಿ ಕೆಲಸ. ಎರಡು ವರ್ಷದಿಂದ ಬಿಂದಿಗೆ ಎತ್ತಿದರೆ, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ. ಗೂಡು ಬೇಯಿಸುವ ಹಬೆಗೆ ಆಸ್ತಮಾ ಬಂದಿದೆ ಎಂದು ಇನ್‌ಹೇಲರ್ ಕೊಟ್ಟಿದ್ದಾರೆ, ಅಷ್ಟೇನೂ ಗುಣ ಕಂಡಿಲ್ಲ. ಈಗೀಗ ಮಲಗಿದರೆ ಕೆಮ್ಮು, ಎರಡು ದಿಂಬು ಬೇಕು. ಒಮ್ಮೆ ಕಫದಲ್ಲಿ ರಕ್ತ ಕಾಣಿಸಿತು. ಟಿ.ಬಿ. ಇಲ್ಲ ಎಂದರು. ಇ.ಸಿ.ಜಿ. ಕೂಡ ಸರಿಯಾಗಿದೆಯಂತೆ. ಇನ್ನೇನು ನೋಡಿಸಲಿ?
— ಓದುಗಿ, ಶಿಡ್ಲಘಟ್ಟ

ಉತ್ತರ: ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿ, ಅದೂ ಈ ವಾರವೇ. ರೀಲಿಂಗ್ ಕೆಲಸದವರಿಗೆ ಆಸ್ತಮಾ ಬರುವುದು ನಿಜ. ಹಾಗಾಗಿಯೇ ಬೇರೆ ಕಾರಣದ ಏದುಸಿರೂ ಆಸ್ತಮಾದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಸ್ತಮಾ ಏರಿಳಿಯುವ ಕಾಯಿಲೆ: ಒಂದು ವಾರ ಚೆನ್ನಾಗಿದ್ದು, ಚಳಿಗೋ ದೂಳಿಗೋ ಕೆರಳಿ, ಇನ್‌ಹೇಲರ್ ಎಳೆದರೆ ಇಳಿಯುತ್ತದೆ. ನಿಮ್ಮದು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ತಿಂಗಳು ಕಳೆದಂತೆ ಜಾಸ್ತಿಯಾಗುತ್ತಿದೆ, ಅಂಗಾತ ಮಲಗಿದರೆ ಕೆಮ್ಮು ಬರುತ್ತದೆ, ಎದ್ದು ಕೂತರೆ ಹಗುರ. ಜೊತೆಗೆ ಕಫದಲ್ಲಿ ರಕ್ತ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇಷ್ಟೆಲ್ಲ ಒಟ್ಟಿಗೆ ಬಂದರೆ ಮೊದಲು ನೆನಪಾಗಬೇಕಾದದ್ದು ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ, ಮೈಟ್ರಲ್ ಸ್ಟೆನೋಸಿಸ್.

ಶ್ವಾಸಕೋಶದಿಂದ ಬಂದ ರಕ್ತ ಹೃದಯದ ಎಡಗಡೆಯ ಮೇಲಿನ ಕೋಣೆಗೆ ಸೇರಿ, ಮೈಟ್ರಲ್ ಕವಾಟ ದಾಟಿ ಕೆಳಗಿನ ಕೋಣೆಗೆ ಇಳಿಯಬೇಕು. ಆ ದಾರಿ ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಬಾಲ್ಯದಲ್ಲಿ ಗಂಟಲು ಸೋಂಕಿನ ಬೆನ್ನಿಗೆ ಬಂದುಹೋದ ರುಮ್ಯಾಟಿಕ್ ಜ್ವರ ಕವಾಟದ ಎಸಳುಗಳ ಅಂಚನ್ನು ಒಂದಕ್ಕೊಂದು ಅಂಟಿಸಿಬಿಟ್ಟರೆ, ಹತ್ತಿಪ್ಪತ್ತು ವರ್ಷಗಳಲ್ಲಿ ದಾರಿ ಕಿರಿದಾಗುತ್ತಾ ಬರುತ್ತದೆ. 1.5ಕ್ಕೆ ಇಳಿದರೆ ತೀವ್ರ ಎಂದು ಎಣಿಸುತ್ತೇವೆ. ಮುಂದೆ ಹೋಗಲಾಗದ ರಕ್ತ ಶ್ವಾಸಕೋಶದಲ್ಲೇ ತುಂಬಿಕೊಳ್ಳುತ್ತದೆ. ಓಡಾಡಿದಾಗ ಹೃದಯ ವೇಗವಾಗಿ ಬಡಿದು, ರಕ್ತ ಇಳಿಯಲು ಸಿಗುವ ಸಮಯ ಇನ್ನೂ ಕಡಿಮೆಯಾಗುತ್ತದೆ. ಬಿಂದಿಗೆ ಎತ್ತಿದಾಗ ದಮ್ಮು ಬರುವುದು ಇದರಿಂದ. ಮಲಗಿದಾಗ ಕಾಲು, ಹೊಟ್ಟೆಯ ರಕ್ತವೂ ಎದೆಗೆ ವಾಪಸಾಗುವುದರಿಂದ ದಿಂಬು ಬೇಕಾಗುತ್ತದೆ.

ಇ.ಸಿ.ಜಿ. ತೋರಿಸುವುದು ಹೃದಯದ ವಿದ್ಯುತ್ ಚಲನೆಯನ್ನು. ಕವಾಟದ ಎಸಳು ಅದರಲ್ಲಿ ಕಾಣುವುದಿಲ್ಲ. ಕವಾಟ ಸಾಕಷ್ಟು ಕೆಟ್ಟಿದ್ದರೂ ಇ.ಸಿ.ಜಿ. ಸರಿಯಾಗಿಯೇ ಬರಬಹುದು. ಸ್ಟೆತಾಸ್ಕೋಪಿನಲ್ಲಿ ಈ ಕಾಯಿಲೆಯ ಸದ್ದು ಬಹಳ ಮೆಲ್ಲಗೆ, ಗುಡುಗು ದೂರದಲ್ಲಿ ಉರುಳಿದ ಹಾಗೆ ಕೇಳಿಸುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎಡಸ್ತನದ ಕೆಳಗೆ, ಸ್ಟೆತಾಸ್ಕೋಪಿನ ಬೆಲ್ ಭಾಗವನ್ನು ಹಗುರವಾಗಿ ಇಟ್ಟು ಆಲಿಸಬೇಕು. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ, ಕೂತಲ್ಲೇ, ಸೆರಗಿನ ಮೇಲಿಂದ ಇಟ್ಟು ತೆಗೆದರೆ ತಪ್ಪಿಹೋಗುತ್ತದೆ. ಸಂಕೋಚ ಬೇಡ. ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳಿ, ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ.

ಚೀಟಿಯಲ್ಲಿ ‘ಡಾಪ್ಲರ್ ಸಹಿತ ಎಕೋ’ ಎಂದಿರಲಿ; ಡಾಪ್ಲರ್ ಎಂದರೆ ರಕ್ತದ ಹರಿವನ್ನು ಅಳೆಯುವ ಭಾಗ. ನೋವಿಲ್ಲ, ಸೂಜಿಯಿಲ್ಲ, ವಿಕಿರಣವಿಲ್ಲ. ಇಪ್ಪತ್ತು–ಮೂವತ್ತು ನಿಮಿಷದ ಕೆಲಸ. ಕವಾಟದ ವಿಸ್ತೀರ್ಣ, ಎರಡು ಕೋಣೆಗಳ ನಡುವಿನ ಒತ್ತಡದ ವ್ಯತ್ಯಾಸ, ಶ್ವಾಸಕೋಶದ ರಕ್ತನಾಳದ ಒತ್ತಡ, ಈ ಮೂರು ಅಂಕಿ ವರದಿಯಲ್ಲಿ ಇರಬೇಕು. ಕವಾಟ ಕಿರಿದಾಗಿರುವುದು ಖಚಿತವಾದರೆ ಎಸಳು ಎಷ್ಟು ದಪ್ಪ, ಎಷ್ಟು ಬಾಗುತ್ತದೆ, ಸುಣ್ಣ ಕಟ್ಟಿದೆಯೇ, ಕೆಳಗಿನ ದಾರಗಳು ಹೇಗಿವೆ ಎಂದು ನಾಲ್ಕಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಒಟ್ಟು 8 ಅಥವಾ ಕಡಿಮೆ ಇದ್ದು, ಸೋರಿಕೆ ಹೆಚ್ಚಿಲ್ಲದೆ, ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲದಿದ್ದರೆ ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಬಲೂನ್ ತೂರಿಸಿ ಕವಾಟ ಬಿಡಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊಡ್ಡ ಸಂಖ್ಯೆಯಲ್ಲಿ ನಡೆಯುತ್ತದೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಚಿಕ್ಕಪ್ಪನಿಗೆ ವಾಲ್ವ್ ತೊಂದರೆ ಎಂದಿದ್ದಾರೆ. ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿದರೆ ಸರಿಹೋಗುವುದಿಲ್ಲವೇ? ಬ್ಲಾಕ್ ಬೇರೆ, ವಾಲ್ವ್ ಬೇರೆಯೇ?
— ಓದುಗರು, ಬಂಗಾರಪೇಟೆ

ಉತ್ತರ: ಬೇರೆ ಬೇರೆ. ಬ್ಲಾಕ್ ಆಗುವುದು ಹೃದಯದ ಸ್ನಾಯುವಿಗೇ ರಕ್ತ ಕೊಡುವ ಸಣ್ಣ ನಾಳಗಳಲ್ಲಿ, ಸ್ಟೆಂಟ್ ಅಲ್ಲಿಗೆ. ಕವಾಟ ಎಂದರೆ ಬೋರ್‌ವೆಲ್ ಪೈಪಿನ ಎನ್.ಆರ್.ವಿ. ಇದ್ದ ಹಾಗೆ, ಮೇಲೆತ್ತಿದ್ದು ಹಿಂದಕ್ಕೆ ಇಳಿಯದಂತೆ ತಡೆಯುತ್ತದೆ. ಅದು ಸರಿಯಾಗಿ ತೆರೆಯದಿದ್ದರೆ ಸ್ಟೆನೋಸಿಸ್, ಸರಿಯಾಗಿ ಮುಚ್ಚದೆ ಸೋರಿದರೆ ರಿಗರ್ಜಿಟೇಷನ್. ಎರಡೂ ಒಂದೇ ಕವಾಟದಲ್ಲಿ ಇರಬಹುದು. ಆದರೂ ಕವಾಟದ ಶಸ್ತ್ರಚಿಕಿತ್ಸೆಗೆ ಮೊದಲು, ಸುಮಾರು ನಲವತ್ತು ದಾಟಿದವರಿಗೆ ಆಂಜಿಯೋಗ್ರಾಂ ಮಾಡುತ್ತಾರೆ. ಬ್ಲಾಕ್ ಕೂಡ ಇದ್ದರೆ ಒಂದೇ ಸಲಕ್ಕೆ ಬೈಪಾಸ್ ಮುಗಿಸಲು. ಇನ್ನೊಂದು ನಂಟೂ ಇದೆ: ಹಾರ್ಟ್ ಅಟ್ಯಾಕ್ ಆದ ಮೇಲೆ ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯು ಕೆಲಸ ನಿಲ್ಲಿಸಿದರೆ ಕವಾಟ ಏಕಾಏಕಿ ಸೋರತೊಡಗುತ್ತದೆ. ಅಟ್ಯಾಕ್ ಆದ ಮೊದಲ ವಾರದಲ್ಲಿ ದಿಢೀರನೆ ಉಸಿರು ಕಟ್ಟಿದರೆ ಅದು ತುರ್ತು.

ಪ್ರಶ್ನೆ: ನಮ್ಮ ಮಗನಿಗೆ 11 ವರ್ಷ. ಒಂದು ಮಂಡಿ ಊದಿ ಜ್ವರ ಬಂತು, ಎರಡು ದಿನಕ್ಕೆ ಅದು ಇಳಿದು ಪಾದದ ಕೀಲು ಊದಿತು. ನೋವಿನ ಮಾತ್ರೆಗೆ ಕಡಿಮೆಯಾಯಿತು. ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದಲೇ ಕೀಲುನೋವು ಎಂದು ಊರವರು ಹೇಳಿದರು. ಆಸ್ಪತ್ರೆಯಲ್ಲಿ ರುಮ್ಯಾಟಿಕ್ ಜ್ವರ, ಹೃದಯಕ್ಕೂ ತಾಕಿದೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಎಂದರು. ಆರು ತಿಂಗಳು ಹಾಕಿಸಿದೆವು. ಈಗ ಹುಡುಗ ಚೆನ್ನಾಗಿ ಆಡುತ್ತಾನೆ, ಇಂಜೆಕ್ಷನ್ ನೋವಿಗೆ ಅಳುತ್ತಾನೆ. ನಿಲ್ಲಿಸಬಹುದೇ?
— ಪೋಷಕರು, ಪಾವಗಡ ತಾಲ್ಲೂಕು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಈಗಾಗಲೇ ತಪ್ಪಿದ್ದರೆ ನಾಳೆಯೇ ಹಾಕಿಸಿ.

ಪಾವಗಡ, ಬಾಗೇಪಲ್ಲಿ ಕಡೆ ಕೀಲು ಹಿಡಿದರೆ ನೀರನ್ನು ದೂರುವುದು ಸಹಜ. ಆದರೆ ಫ್ಲೋರೈಡಿನ ತೊಂದರೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ: ಹಲ್ಲಿನ ಮೇಲೆ ಬಿಳಿ–ಕಂದು ಕಲೆ, ಸೊಂಟ–ಕತ್ತು ಬಿಗಿತ, ಮಕ್ಕಳಲ್ಲಿ ಕಾಲು ಸೊಟ್ಟಗಾಗುವುದು. ಅದಕ್ಕೆ ಜ್ವರ ಬರುವುದಿಲ್ಲ. ರುಮ್ಯಾಟಿಕ್ ಜ್ವರದಲ್ಲಿ ಮಂಡಿ, ಪಾದದ ಗಂಟು, ಮೊಣಕೈ, ಮಣಿಕಟ್ಟಿನಂಥ ದೊಡ್ಡ ಕೀಲುಗಳು ಬಿಸಿಯಾಗಿ ಊದಿ, ಮುಟ್ಟಲು ಬಿಡದಷ್ಟು ನೋಯುತ್ತವೆ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಶುರು. ನಿಮ್ಮ ಮಗನಿಗೆ ಆದದ್ದು ಇದೇ ರೀತಿ. ನೋವಿನ ಮಾತ್ರೆ ಬೇಗ ಕೊಟ್ಟುಬಿಟ್ಟರೆ ಕೀಲಿನಿಂದ ಕೀಲಿಗೆ ಹೋಗುವ ಈ ಗುರುತೇ ಮುಚ್ಚಿಹೋಗಿ ವೈದ್ಯರಿಗೂ ಗೊಂದಲವಾಗುತ್ತದೆ. ಕೆಲವು ಮಕ್ಕಳಿಗೆ ಕೀಲು ಊದುವುದೇ ಇಲ್ಲ. ತಿಂಗಳುಗಳ ನಂತರ ಕೈ ತಾನಾಗಿ ಎಗರುವುದು, ಲೋಟ ಕೈತಪ್ಪಿ ಬೀಳುವುದು, ಅಕ್ಷರ ಕೆಡುವುದು ಕಾಣಿಸಿಕೊಳ್ಳುತ್ತದೆ. ಶಾಲೆಯಲ್ಲಿ ಚೇಷ್ಟೆ ಎಂದು ಬೈಸಿಕೊಳ್ಳುವ ಈ ಮಗುವಿಗೂ ಎಕೋ ಬೇಕು.

ಇದೆಲ್ಲದರ ಬೇರು ಗಂಟಲಲ್ಲಿದೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಹುಣ್ಣಾಗಿ ಎರಡರಿಂದ ನಾಲ್ಕು ವಾರಕ್ಕೆ, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ತನ್ನದೇ ಕೀಲು, ಹೃದಯದ ಮೇಲೆ ಬೀಳುತ್ತದೆ. ಕೀಲು ಪೂರ್ತಿ ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಗಂಟಲುನೋವು ಮತ್ತೆ ಬಂದಾಗಲೆಲ್ಲ ಅದೇ ಗಾಯದ ಮೇಲೆ ಇನ್ನೊಂದು ಗಾಯ. ಇಂಜೆಕ್ಷನ್ ತಡೆಯುವುದು ಈ ಎರಡನೇ, ಮೂರನೇ ಪೆಟ್ಟನ್ನು. ಹುಡುಗ ಚೆನ್ನಾಗಿ ಆಡುತ್ತಿರುವುದು ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು.

ಬೆಂಜಥೀನ್ ಪೆನಿಸಿಲಿನ್ 27 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ 6 ಲಕ್ಷ ಯೂನಿಟ್, ಹೆಚ್ಚಿದ್ದರೆ 12 ಲಕ್ಷ. ಪ್ರತಿ 21 ದಿನಕ್ಕೆ. ಮಗ ಬೆಳೆದಂತೆ ತೂಕ ನೋಡಿ ಡೋಸ್ ಬದಲಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಎಷ್ಟು ವರ್ಷ? ಹೃದಯಕ್ಕೆ ತಾಕದೇ ಇದ್ದರೆ ಕನಿಷ್ಠ 5 ವರ್ಷ. ತಾಕಿ ಗುಣವಾಗಿದ್ದರೆ 10 ವರ್ಷ ಅಥವಾ ಇಪ್ಪತ್ತು ದಾಟುವವರೆಗೆ, ಯಾವುದು ದೀರ್ಘವೋ ಅದು. ಕವಾಟದಲ್ಲಿ ದೋಷ ಉಳಿದಿದ್ದರೆ 40 ವರ್ಷದವರೆಗೆ, ಕೆಲವರಿಗೆ ಜೀವನಪೂರ್ತಿ. ನಿಲ್ಲಿಸುವ ತೀರ್ಮಾನ ಎಕೋ ನೋಡಿ ವೈದ್ಯರು ಮಾಡಬೇಕು.

ಮದ್ದು ಗಟ್ಟಿ, ಹಾಗಾಗಿ ನೋವು ನಿಜ. ಹೊಟ್ಟೆಗೆ ಏನಾದರೂ ತಿನ್ನಿಸಿ ಕರೆದೊಯ್ಯಿರಿ. ಮಲಗಿಸಿ ಹಾಕಲಿ. ಕಲಸಿದ ಮದ್ದು ತಣ್ಣಗಿರದೆ ಕೋಣೆಯ ಬಿಸಿಗೆ ಬಂದಿರಲಿ, ಎರಡು–ಮೂರು ನಿಮಿಷ ತೆಗೆದುಕೊಂಡು ನಿಧಾನ ಚುಚ್ಚಲಿ. ಸೂಜಿ ಸಣ್ಣದಾದರೆ ಮದ್ದು ಕಟ್ಟಿಕೊಂಡು ಎರಡನೇ ಸಲ ಚುಚ್ಚಬೇಕಾಗುತ್ತದೆ. ಅಲರ್ಜಿ ಆದರೆ ಎದುರಿಸುವ ಮದ್ದು ಇರುವ ಆಸ್ಪತ್ರೆಯಲ್ಲೇ ಹಾಕಿಸಿ, ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ.

ಇದಕ್ಕೆ ತಿರುವುಮುರುವಾದ ತಪ್ಪೂ ನಡೆಯುತ್ತದೆ. ಬರೀ ಕಾಲುನೋವಿಗೆ ಎ.ಎಸ್.ಓ. ರಕ್ತಪರೀಕ್ಷೆ ಮಾಡಿಸಿ, ಅಂಕಿ ಜಾಸ್ತಿ ಬಂತೆಂದು ವರ್ಷಗಟ್ಟಲೆ ಪೆನಿಸಿಲಿನ್ ಹಾಕಿಸುವುದು. ಎ.ಎಸ್.ಓ. ಹೇಳುವುದು ಇತ್ತೀಚೆಗೆ ಗಂಟಲು ಸೋಂಕು ಆಗಿತ್ತು ಎಂದಷ್ಟೇ. ರುಮ್ಯಾಟಿಕ್ ಜ್ವರವನ್ನು ಗುರುತಿಸಲು 1944ರಲ್ಲಿ ರೂಪುಗೊಂಡು 2015ರಲ್ಲಿ ಪರಿಷ್ಕರಿಸಿದ ಜೋನ್ಸ್ ಮಾನದಂಡ ಇದೆ. ಕೀಲು, ಹೃದಯ, ಚರ್ಮ, ಕೈಕಾಲಿನ ಎಗರಾಟ, ಉರಿಯೂತ ತೋರಿಸುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ, ಇ.ಸಿ.ಜಿ., ಎಕೋ ಎಲ್ಲವನ್ನೂ ಕೂಡಿಸಿ ನಿರ್ಧರಿಸಬೇಕು.

ಮನೆಯಲ್ಲಿ ಬೇರೆ ಮಕ್ಕಳಿದ್ದರೆ: ಮೂಗು ಸೋರಿ, ಕೆಮ್ಮು ಜೊತೆಗಿರುವ ಗಂಟಲುನೋವು ಸಾಮಾನ್ಯವಾಗಿ ವೈರಸ್. ಕೆಮ್ಮಿಲ್ಲದೆ ಜ್ವರ, ನುಂಗಲಾಗದ ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ದವಡೆ ಕೆಳಗೆ ಗಂಟು ಇದ್ದರೆ ವೈದ್ಯರ ಹತ್ತಿರ ಹೋಗಿ. ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರುವಾದರೂ ರುಮ್ಯಾಟಿಕ್ ಜ್ವರ ತಪ್ಪುತ್ತದೆ, ಆದರೆ ಮಾತ್ರೆ ಹತ್ತು ದಿನ ಪೂರ್ತಿ ಆಗಬೇಕು. ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ತಪಾಸಣೆಯಲ್ಲಿ ಈ ಹೃದ್ರೋಗವೂ ಸೇರಿದೆ; ಆ ದಿನ ಮಗುವನ್ನು ರಜೆ ಹಾಕಿಸಬೇಡಿ.

ಪ್ರಶ್ನೆ: ಎಕೋ ವರದಿಯಲ್ಲಿ ‘ಟ್ರಿವಿಯಲ್ ಎಂ.ಆರ್., ಮೈಲ್ಡ್ ಟಿ.ಆರ್., ಇ.ಎಫ್. 60%’ ಎಂದು ಬಂದಿದೆ. ವಾಲ್ವ್ ಸೋರುತ್ತಿದೆ ಎಂದು ಮನೆಯವರೆಲ್ಲ ಗಾಬರಿಯಾಗಿದ್ದಾರೆ. ನನಗೆ ಏನೂ ತೊಂದರೆ ಇಲ್ಲ.
— ಓದುಗರು, ಮಾಲೂರು

ಉತ್ತರ: ಗಾಬರಿ ಬೇಡ. ಎಂ.ಆರ್. ಎಂದರೆ ಮೈಟ್ರಲ್ ಕವಾಟದ, ಟಿ.ಆರ್. ಎಂದರೆ ಬಲಗಡೆಯ ಟ್ರೈಕಸ್ಪಿಡ್ ಕವಾಟದ ಸೋರಿಕೆ. ಟ್ರಿವಿಯಲ್ ಎಂದರೆ ಅತ್ಯಲ್ಪ, ಮೈಲ್ಡ್ ಎಂದರೆ ಅಲ್ಪ. ಕವಾಟ ಮುಚ್ಚುವಾಗ ಹನಿಯಷ್ಟು ಹಿಂದಕ್ಕೆ ಹೋಗುವುದು ಆರೋಗ್ಯವಂತರಲ್ಲೂ ಸಾಮಾನ್ಯ. ಈಗಿನ ಡಾಪ್ಲರ್ ಯಂತ್ರಗಳು ಅದನ್ನೂ ಹಿಡಿಯುತ್ತವೆ. ಎಸಳುಗಳು ಸರಿಯಾಗಿವೆ, ಕೋಣೆಗಳ ಅಳತೆ ಸಹಜ ಎಂದು ಬರೆದಿದ್ದರೆ ಚಿಕಿತ್ಸೆ ಬೇಕಿಲ್ಲ.

ವರದಿಯಲ್ಲಿ ನೀವು ಹುಡುಕಬೇಕಾದ ಮಾತುಗಳು ಬೇರೆ. ‘ಎಸಳು ದಪ್ಪಗಾಗಿದೆ’, ‘ಅಂಚು ಅಂಟಿದೆ’, ‘ಡೋಮಿಂಗ್’, ‘ಆರ್.ಎಚ್.ಡಿ.’ (ರುಮ್ಯಾಟಿಕ್ ಹೃದ್ರೋಗ) ಎಂದಿದ್ದರೆ ಸೋರಿಕೆ ಅಲ್ಪವಾಗಿದ್ದರೂ ಅದು ರುಮ್ಯಾಟಿಕ್ ಗಾಯ, ತಜ್ಞರಿಗೆ ತೋರಿಸಲೇಬೇಕು. ಇ.ಎಫ್. ಎಂದರೆ ಪ್ರತಿ ಬಡಿತದಲ್ಲಿ ಎಡ ಕೆಳಕೋಣೆ ಹೊರಹಾಕುವ ರಕ್ತದ ಪಾಲು. ನಿಮಗೆ 60 ಒಳ್ಳೆಯದೇ. ಆದರೆ ಮೈಟ್ರಲ್ ತೀವ್ರವಾಗಿ ಸೋರುತ್ತಿರುವವರಿಗೆ ಅದೇ 60 ಎಚ್ಚರಿಕೆಯ ಅಂಕಿ. ಹೊರಹಾಕಿದ್ದರಲ್ಲಿ ಒಂದು ಪಾಲು ಹಿಂದಕ್ಕೇ ಹೋಗುತ್ತಿರುವುದರಿಂದ ಸ್ನಾಯು ಸೋತಿದ್ದರೂ ಅಂಕಿ ಚೆನ್ನಾಗಿ ಕಾಣುತ್ತದೆ. ಇ.ಎಫ್. 60ಕ್ಕೆ ಇಳಿದರೆ, ಅಥವಾ ಹೃದಯ ಕುಗ್ಗಿದಾಗಲೂ ಕೋಣೆಯ ಅಗಲ 40 ಮಿ.ಮೀ. ಮುಟ್ಟಿದರೆ, ಲಕ್ಷಣ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯ ಮಾತು ಶುರುವಾಗುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ 72. ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗ ಎರಡು ಬಾರಿ ಕಣ್ಣು ಕತ್ತಲೆ ಬಂದು ಕುಸಿದರು. ಎದೆಯಲ್ಲಿ ಮರ್ಮರ್ ಸದ್ದು ಇದೆ ಎಂದಿದ್ದಾರೆ. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸೋಣವೇ? ವಯಸ್ಸಾಯಿತಲ್ಲ, ಬಿಟ್ಟುಬಿಡಿ ಎನ್ನುತ್ತಾರೆ ಅವರು.
— ಓದುಗರು, ತುಮಕೂರು

ಉತ್ತರ: ಟ್ರೆಡ್‌ಮಿಲ್ ಬೇಡ. ಮೊದಲು ಎಕೋ. ದೇಹಕ್ಕೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟ ತೀವ್ರವಾಗಿ ಕಿರಿದಾಗಿ, ಲಕ್ಷಣವೂ ಇರುವವರನ್ನು ಓಡಿಸಿದರೆ ಅಲ್ಲೇ ಅಪಾಯ. ಎಕೋ ಆಗುವವರೆಗೆ ಮೆಟ್ಟಿಲು, ಭಾರ, ಓಟ ಬೇಡ. ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಮಾತ್ರೆಯನ್ನು ನೀವೇ ಕೊಡಬೇಡಿ, ಬಿ.ಪಿ. ದಿಢೀರ್ ಕುಸಿಯಬಹುದು.

ಶ್ರಮ ಬಿದ್ದಾಗ ಎದೆ ಹಿಡಿಯುವುದು, ಕಣ್ಣು ಕತ್ತಲೆ, ಏದುಸಿರು: ಈ ಕವಾಟದ ಮೂರು ಮುಖ್ಯ ಲಕ್ಷಣ. ಈ ವಯಸ್ಸಿನಲ್ಲಿ ಎಸಳುಗಳ ಮೇಲೆ ಸುಣ್ಣ ಕಟ್ಟುವುದು ಸಾಮಾನ್ಯ ಕಾರಣ. ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಬೀಡಿ–ಸಿಗರೇಟು, ಕಿಡ್ನಿ ತೊಂದರೆ ಅದಕ್ಕೆ ಜೊತೆಯಾಗುತ್ತವೆ. ಹುಟ್ಟುತ್ತಲೇ ಮೂರರ ಬದಲು ಎರಡೇ ಎಸಳು ಇರುವವರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದಾರೆ, ಅವರಿಗೆ ಇದು ಐವತ್ತರ ಆಸುಪಾಸಿನಲ್ಲೇ ಬರಬಹುದು. ವರದಿಯಲ್ಲಿ ‘ಬೈಕಸ್ಪಿಡ್’ ಎಂದಿದ್ದರೆ ನೀವು, ನಿಮ್ಮ ಒಡಹುಟ್ಟಿದವರೂ ಒಮ್ಮೆ ಎಕೋ ಮಾಡಿಸಬೇಕು.

ಎಕೋದಲ್ಲಿ ರಕ್ತ ಚಿಮ್ಮುವ ವೇಗ ಸೆಕೆಂಡಿಗೆ 4 ಮೀಟರ್ ದಾಟಿದರೆ, ಸರಾಸರಿ ಒತ್ತಡದ ವ್ಯತ್ಯಾಸ 40 ಮಿ.ಮೀ. ಪಾದರಸ ದಾಟಿದರೆ, ಕವಾಟದ ವಿಸ್ತೀರ್ಣ 1 ಚದರ ಸೆಂಟಿಮೀಟರಿಗೆ ಇಳಿದರೆ ತೀವ್ರ. ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಸಿ.ಟಿ. ಸ್ಕ್ಯಾನ್‌ನಲ್ಲಿ ಸುಣ್ಣದ ಪ್ರಮಾಣ ಅಳೆಯುತ್ತಾರೆ.

ತೀವ್ರವಾಗಿ ಕಿರಿದಾಗಿ ಲಕ್ಷಣ ಶುರುವಾದ ಮೇಲೆ ಚಿಕಿತ್ಸೆ ಇಲ್ಲದೆ ಬಿಟ್ಟರೆ ಸುಮಾರು ಅರ್ಧ ಜನ ಎರಡು ವರ್ಷ ದಾಟುವುದಿಲ್ಲ. ಈ ಕವಾಟವನ್ನು ಮಾತ್ರೆಯಿಂದ ಬಿಡಿಸಲು ಆಗುವುದಿಲ್ಲ. ಬದಲಿಸಿದವರು ಮತ್ತೆ ತೋಟಕ್ಕೆ, ದೇವಸ್ಥಾನಕ್ಕೆ ತಾವೇ ಓಡಾಡುತ್ತಾರೆ. ಎದೆ ತೆರೆಯಲಾಗದವರಿಗೆ ತೊಡೆಯ ನಾಳದಿಂದ ಹೊಸ ಕವಾಟ ಕೂರಿಸುವ ‘ಟಾವಿ’ ವಿಧಾನವಿದೆ. ದುಬಾರಿ, ಆದರೂ ಕೇಳಿ ನೋಡಿ. ತಂದೆಯವರಿಗೆ ಈ ಮಾತನ್ನು ಓದಿ ಹೇಳಿ: 72 ಬಿಟ್ಟುಬಿಡುವ ವಯಸ್ಸಲ್ಲ.

ಪ್ರಶ್ನೆ: ತಂಗಿ ಐದು ತಿಂಗಳ ಬಸುರಿ. ಈಗ ಮೈಟ್ರಲ್ ಕವಾಟ ಕಿರಿದಾಗಿದೆ ಎಂದು ಗೊತ್ತಾಗಿದೆ. ಮದುವೆಗೆ ಮುಂಚೆ ಏನೂ ಇರಲಿಲ್ಲ.
— ಓದುಗಿ, ಗೌರಿಬಿದನೂರು

ಉತ್ತರ: ಇತ್ತು, ಹೊರಗೆ ಕಾಣಿಸಿರಲಿಲ್ಲ. ಬಸುರಿನಲ್ಲಿ ರಕ್ತದ ಪ್ರಮಾಣ ಶೇ 40–50ರಷ್ಟು ಹೆಚ್ಚುತ್ತದೆ, ಹೃದಯದ ವೇಗವೂ ಏರುತ್ತದೆ. ಅಡಗಿದ್ದ ಕಾಯಿಲೆ ಆಗ ಹೊರಬೀಳುತ್ತದೆ. 28ರಿಂದ 34ನೇ ವಾರ, ಹೆರಿಗೆ, ಹೆರಿಗೆಯಾದ ಮೊದಲ ಎರಡು ದಿನ ಅಪಾಯ ಹೆಚ್ಚು. ರಕ್ತಹೀನತೆ ಇದ್ದರೆ ಈಗಲೇ ಸರಿಪಡಿಸಿ. ವೇಗ ತಗ್ಗಿಸುವ ಮಾತ್ರೆಗೂ ಏದುಸಿರು ನಿಲ್ಲದಿದ್ದರೆ ಬಸುರಿನಲ್ಲೂ ಬಲೂನ್ ಚಿಕಿತ್ಸೆ ಮಾಡುತ್ತಾರೆ. ಹೆರಿಗೆ ಹೃದ್ರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು; ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಪ್ರಶ್ನೆ: ನನಗೆ ಮೂರು ವರ್ಷದ ಹಿಂದೆ ಲೋಹದ ವಾಲ್ವ್ ಹಾಕಿದ್ದಾರೆ. ಹಲ್ಲು ಕೀಳಿಸಿದ ಮೇಲೆ ಮೂರು ವಾರದಿಂದ ಸಂಜೆ ಜ್ವರ, ಬೆವರು, ತೂಕ ಇಳಿದಿದೆ. ಮೆಡಿಕಲ್ ಸ್ಟೋರಿನ ಆಂಟಿಬಯೋಟಿಕ್ ತಿಂದಾಗ ಇಳಿದು ಮತ್ತೆ ಬರುತ್ತದೆ. ಇನ್ನೊಂದು: ಸೊಪ್ಪು ತಿನ್ನಲೇಬಾರದೇ? ಬಸ್ಸಾರು, ಮಸ್ಸೊಪ್ಪು ಇಲ್ಲದೆ ಮುದ್ದೆ ಇಳಿಯುವುದಿಲ್ಲ.
— ಓದುಗರು, ಶ್ರೀನಿವಾಸಪುರ

ಉತ್ತರ: ಈ ಪುಟ ಓದಿದ ಕೂಡಲೇ ಕವಾಟ ಹಾಕಿದ ಆಸ್ಪತ್ರೆಗೆ ಹೊರಡಿ. ಕೃತಕ ಕವಾಟ ಇರುವವರಿಗೆ ಬಿಡದ ಜ್ವರ ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಕವಾಟದ ಸೋಂಕು ಎಂದೇ ನೋಡಬೇಕು. ವಸಡಿನ ಗಾಯದಿಂದ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ಗೂಡುಕಟ್ಟಿ, ಅದರ ಚೂರು ಮಿದುಳಿಗೆ ಹಾರಿದರೆ ಪಾರ್ಶ್ವವಾಯು ಆಗುತ್ತದೆ.

ಅಂಗಡಿಯ ಆಂಟಿಬಯೋಟಿಕ್ ಇನ್ನು ಬೇಡ. ಅದು ಸೋಂಕನ್ನು ಕೊಲ್ಲದೆ ರಕ್ತಪರೀಕ್ಷೆಯಲ್ಲಿ ಸಿಗದಂತೆ ಮಾಡುತ್ತದೆ. ಎಷ್ಟು ದಿನ, ಯಾವ ಮಾತ್ರೆ ತಿಂದಿರಿ ಎಂದು ವೈದ್ಯರಿಗೆ ಹೇಳಿ, ಖಾಲಿ ಪಟ್ಟಿ ಇದ್ದರೆ ತೋರಿಸಿ. ಬೇರೆ ಬೇರೆ ಜಾಗದಿಂದ ಕನಿಷ್ಠ ಮೂರು ಸಲ ರಕ್ತ ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ ಪರೀಕ್ಷೆಗೆ ಹಾಕಿದ ಮೇಲೆಯೇ ಇಂಜೆಕ್ಷನ್ ಶುರು ಮಾಡಬೇಕು. ಲೋಹದ ಕವಾಟ ಸಾಮಾನ್ಯ ಎಕೋದಲ್ಲಿ ನೆರಳು ಬೀರುವುದರಿಂದ ಅನ್ನನಾಳದೊಳಗೆ ನಳಿಕೆ ಇಳಿಸಿ ಮಾಡುವ ಎಕೋ ಬೇಕಾಗುತ್ತದೆ. ಅದಕ್ಕೆ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಚಿಕಿತ್ಸೆ ಆರು ವಾರ ಅಥವಾ ಹೆಚ್ಚು, ರಕ್ತನಾಳದ ಮೂಲಕ. ಮುಂದೆ ಹಲ್ಲಿನ ಕೆಲಸಕ್ಕೆ ಮುಂಚೆ ಕವಾಟದ ವಿಷಯ ಹೇಳಿ. ಪೆನಿಸಿಲಿನ್ ಅಲರ್ಜಿ ಇಲ್ಲದ ದೊಡ್ಡವರಿಗೆ ಅರ್ಧದಿಂದ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಡುತ್ತಾರೆ.

ಸೊಪ್ಪು ತಿನ್ನಿ. ಅದರಲ್ಲಿರುವ ಕೆ ವಿಟಮಿನ್ ರಕ್ತ ತೆಳುವಾಗಿಡುವ ಮಾತ್ರೆಯ ಎದುರು ಕೆಲಸ ಮಾಡುವುದು ನಿಜ, ಆದರೆ ಮಾತ್ರೆಯ ಪ್ರಮಾಣ ಹೊಂದಿಸುವುದೇ ನಿಮ್ಮ ಊಟಕ್ಕೆ ತಕ್ಕಂತೆ. ವಾರಕ್ಕೆ ಮೂರು ದಿನ ತಿನ್ನುವವರು ಮೂರು ದಿನವೇ ತಿನ್ನಿ, ಅಷ್ಟೇ ಪ್ರಮಾಣ. ಒಂದು ವಾರ ಪೂರ್ತಿ ಬಿಟ್ಟು, ಮುಂದಿನ ವಾರ ದಿನವೂ ಮಸ್ಸೊಪ್ಪು ಎಂದರೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐ.ಎನ್.ಆರ್. ಅಂಕಿ ಏರಿಳಿಯುತ್ತದೆ. ಅಯೋರ್ಟಿಕ್ ಕವಾಟಕ್ಕೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5ರ ಒಳಗೆ ಇರಬೇಕು. ಜ್ವರ, ಆಂಟಿಬಯೋಟಿಕ್ ಎರಡೂ ಅದನ್ನು ಕೆಡಿಸುತ್ತವೆ. ಆಸ್ಪತ್ರೆಗೆ ಹೋದಾಗ ಇಂದೇ ಐ.ಎನ್.ಆರ್. ಕೂಡ ನೋಡಿಸಿ.